ಮಾನಸಿಕ ಅಸ್ವಸ್ಥತೆಯ ಕಾರಣ ವಿಚಾರಣೆ ಎದುರಿಸಲಾಗದ ಆಪಾದಿತರು: ನ್ಯಾಯಾಲಯದ ಅಧಿಕಾರಗಳು ಹಾಗೂ ಕುಟುಂಬದವರು ಸಲ್ಲಿಸಬೇಕಾದ ಅರ್ಜಿಗಳು

ಅಪರಾಧ ಪ್ರಕರಣವೊಂದರಲ್ಲಿ ಆಪಾದಿತನಾದ ವ್ಯಕ್ತಿಯು ಮಾನಸಿಕ ಅಸ್ವಸ್ಥತೆಯ ಕಾರಣ ತನ್ನ ಮೇಲಿನ ಆಪಾದನೆ ಏನೆಂಬುದನ್ನು ಅರಿಯಲು ಹಾಗೂ ಪ್ರತಿವಾದ ಹೂಡಲು ಅಸಮರ್ಥನಾಗಿದ್ದಲ್ಲಿ, ಅವನನ್ನು ಅದೇ ಸ್ಥಿತಿಯಲ್ಲಿ ವಿಚಾರಣೆಗೆ ಒಳಪಡಿಸಿ ಶಿಕ್ಷಿಸಲು ಕಾನೂನಿನಲ್ಲಿ ಅವಕಾಶವಿರುವುದಿಲ್ಲ. ಇಂತಹವರ ತಂದೆ ತಾಯಂದಿರು ಹಾಗೂ ಒಡಹುಟ್ಟಿದವರು ಬಿಡುಗಡೆ ಕೋರಿ ಸರ್ಕಾರಿ ಕಚೇರಿಗಳಿಗೆ ಅರ್ಜಿ ಸಲ್ಲಿಸುವುದು ವಾಡಿಕೆಯಾಗಿದೆ. ಅವುಗಳಲ್ಲಿ ಅನೇಕ ಅರ್ಜಿಗಳು ಒಂದೇ ಕಾರಣದಿಂದ ಹಿಂದಿರುಗುತ್ತವೆ. ಅರ್ಜಿಯು ತಲುಪಿದ ಕಚೇರಿಗೆ ಆ ಹಂತದಲ್ಲಿ ಆದೇಶ ಮಾಡುವ ಅಧಿಕಾರವೇ ಇರುವುದಿಲ್ಲ. ಅಧಿಕಾರವಿರುವ ನ್ಯಾಯಾಲಯಕ್ಕೆ ಅರ್ಜಿ ಹೋಗಿರುವುದಿಲ್ಲ. ಈ ನಡುವೆ ತಿಂಗಳುಗಳು ಕಳೆಯುತ್ತವೆ. ಯಾವ ಹಂತದಲ್ಲಿ ಯಾರಿಗೆ ಏನನ್ನು ಕೇಳಬೇಕೆಂಬುದನ್ನು ಸಾರ್ವಜನಿಕರಿಗೆ ತಿಳಿಯಪಡಿಸುವ ಸಲುವಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ಅನ್ವಯವಾಗುವ ಕಾನೂನು

ದಿನಾಂಕ 1-7-2024ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023 ಜಾರಿಯಲ್ಲಿದೆ. ಇದರ 27ನೆಯ ಅಧ್ಯಾಯದ 367ರಿಂದ 378ರವರೆಗಿನ ಪ್ರಕರಣಗಳು ಅಸ್ವಸ್ಥಚಿತ್ತ ಆಪಾದಿತರಿಗೆ ಸಂಬಂಧಿಸಿವೆ. ಅದಕ್ಕೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆ, 1973ರ 25ನೆಯ ಅಧ್ಯಾಯದಲ್ಲಿ 328ರಿಂದ 339ರವರೆಗೆ ಇದೇ ವಿಷಯವಿತ್ತು. ಸದರಿ ದಿನಾಂಕಕ್ಕೆ ಮೊದಲೇ ಬಾಕಿಯಿದ್ದ ವಿಚಾರಣೆಗಳು ಹಳೆಯ ಸಂಹಿತೆಯ ಪ್ರಕಾರವೇ ಮುಂದುವರಿಯುವುದರಿಂದ, ನಿಮ್ಮ ಕೈಯಲ್ಲಿರುವ ಆದೇಶದ ಪ್ರತಿಯಲ್ಲಿ ಹಳೆಯ ಸಂಖ್ಯೆಗಳು ಕಂಡುಬಂದರೆ ಗಾಬರಿಯಾಗಬೇಕಾಗಿಲ್ಲ. ಈ ಅಧ್ಯಾಯದ ಮಟ್ಟಿಗೆ ಒಂದು ಸುಲಭ ಲೆಕ್ಕವಿದೆ: ಹಳೆಯ ಪ್ರಕರಣ ಸಂಖ್ಯೆಗೆ 39 ಕೂಡಿಸಿದರೆ ಹೊಸ ಪ್ರಕರಣ ಸಂಖ್ಯೆ ದೊರೆಯುತ್ತದೆ. ಹಳೆಯ 330 ಎಂದರೆ ಹೊಸ 369. ಹಳೆಯ 339 ಎಂದರೆ ಹೊಸ 378. ಈ ಲೇಖನದಲ್ಲಿ ಹೊಸ ಸಂಖ್ಯೆಗಳನ್ನೇ ಬಳಸಲಾಗಿದೆ. ಇದರ ಜೊತೆಗೆ ದಿನಾಂಕ 29-5-2018ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ನ್ನೂ ಓದಿಕೊಳ್ಳತಕ್ಕದ್ದು.

ಎರಡು ಬೇರೆ ಬೇರೆ ಪ್ರಶ್ನೆಗಳು

ಅರ್ಜಿಗಳಲ್ಲಿ ಅತಿ ಹೆಚ್ಚು ಗೊಂದಲ ಕಂಡುಬರುವುದು ಇಲ್ಲಿಯೇ. ಕೃತ್ಯ ನಡೆದ ಗಳಿಗೆಯಲ್ಲಿ ಆಪಾದಿತನ ಚಿತ್ತ ಹೇಗಿತ್ತು ಎಂಬುದು ಒಂದು ಪ್ರಶ್ನೆ. ತಾನು ಮಾಡುತ್ತಿರುವುದು ಏನು, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂಬುದನ್ನು ಅರಿಯಲಾಗದಷ್ಟು ಚಿತ್ತ ಕೆಟ್ಟಿದ್ದರೆ ಅದು ಅಪರಾಧವೇ ಅಲ್ಲವೆಂದು ಭಾರತೀಯ ನ್ಯಾಯ ಸಂಹಿತೆಯ 22ನೆಯ ಪ್ರಕರಣ (ಹಿಂದಿನ ಭಾರತೀಯ ದಂಡ ಸಂಹಿತೆಯ 84) ಹೇಳುತ್ತದೆ. ಇದು ವಿಚಾರಣೆ ನಡೆದು ತೀರ್ಪಿನಲ್ಲಿ ನಿರ್ಣಯವಾಗುವ ಸಂಗತಿ.

ಈ ದಿನ, ನ್ಯಾಯಾಲಯದ ಮುಂದೆ ನಿಂತಿರುವಾಗ, ಅವನು ಪ್ರತಿವಾದ ಹೂಡಲು ಸಮರ್ಥನೇ ಎಂಬುದು ಎರಡನೆಯ ಪ್ರಶ್ನೆ. ಈ ಲೇಖನವು ಎರಡನೆಯದಕ್ಕೆ ಮಾತ್ರ ಸಂಬಂಧಿಸಿದೆ. ಕೃತ್ಯದ ದಿನ ಸ್ವಸ್ಥನಾಗಿದ್ದವನು ಕಾರಾಗೃಹದಲ್ಲಿ ಅಸ್ವಸ್ಥನಾಗಬಹುದು; ಕೃತ್ಯದ ದಿನ ಅಸ್ವಸ್ಥನಾಗಿದ್ದವನು ಚಿಕಿತ್ಸೆಯಿಂದ ಚೇತರಿಸಿಕೊಂಡು ವಿಚಾರಣೆ ಎದುರಿಸಲು ಸಮರ್ಥನಾಗಬಹುದು. ಆದುದರಿಂದ ವಿಚಾರಣೆಗೆ ಅಸಮರ್ಥನೆಂಬ ನಿರ್ಣಯವು ಖುಲಾಸೆಯಲ್ಲ, ಅಪರಾಧಿಯೆಂಬ ತೀರ್ಪೂ ಅಲ್ಲ. ಅದು ಆ ದಿನದ ಸ್ಥಿತಿಯ ದಾಖಲೆ ಮಾತ್ರ. ಸ್ಥಿತಿ ಬದಲಾದಂತೆ ಅದನ್ನು ಮತ್ತೆ ಮತ್ತೆ ಪರಿಶೀಲಿಸಬೇಕಾಗುತ್ತದೆ.

ಕಾಯಿಲೆಯಿದೆ ಎಂದ ಮಾತ್ರಕ್ಕೆ ಅಸಮರ್ಥತೆ ಸಿದ್ಧವಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಔಷಧ ಸೇವಿಸುತ್ತ, ಆಪಾದನೆಯನ್ನು ಅರ್ಥಮಾಡಿಕೊಂಡು, ವಕೀಲರಿಗೆ ನಡೆದ ಸಂಗತಿ ತಿಳಿಸಬಲ್ಲ ವ್ಯಕ್ತಿ ಮಾನಸಿಕ ರೋಗಿಯಾಗಿದ್ದರೂ ವಿಚಾರಣೆಗೆ ಸಮರ್ಥನೇ. ಇನ್ನು ಕಿವಿ ಕೇಳದ, ಮಾತು ಬಾರದ ಕಾರಣದಿಂದ ನಡವಳಿಯನ್ನು ಅರಿಯಲಾಗದವರಿಗೆ ಸಂಹಿತೆಯ 357ನೆಯ ಪ್ರಕರಣದಲ್ಲಿ ಬೇರೆಯೇ ಕ್ರಮವಿದೆ. ಅವರನ್ನು ಈ ಅಧ್ಯಾಯಕ್ಕೆ ಸೇರಿಸಿ ಅರ್ಜಿ ಬರೆಯಬಾರದು.

ಒಂದು ಕಲ್ಪಿತ ಉದಾಹರಣೆ

ನಿಯಮಗಳನ್ನು ಬರಿದೆ ಹೇಳಿದರೆ ಮನದಟ್ಟಾಗುವುದು ಕಷ್ಟ. ಬಬಲೇಶ್ವರ ತಾಲ್ಲೂಕಿನ ಸಾರವಾಡ ಗ್ರಾಮದ ಒಂದು ಒಕ್ಕಲು ಮನೆತನವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಮನೆಯ ಕಿರಿಯ ಮಗನಿಗೆ ಇಪ್ಪತ್ತೆಂಟು ವರ್ಷ. ಮೂರು ವರ್ಷಗಳಿಂದ ಅವನಿಗೆ ಯಾರೋ ತನ್ನ ಊಟದಲ್ಲಿ ವಿಷ ಬೆರೆಸುತ್ತಿದ್ದಾರೆ ಎಂಬ ಭ್ರಮೆ. ಒಮ್ಮೆ ಆಸ್ಪತ್ರೆಗೆ ತೋರಿಸಿ ಗುಳಿಗೆ ಕೊಡಿಸಲಾಗಿತ್ತು; ಸ್ವಲ್ಪ ಸುಧಾರಿಸಿದ ಮೇಲೆ ಬಿಟ್ಟುಬಿಡಲಾಯಿತು. ಜೋಳದ ರಾಶಿಯ ದಿನಗಳಲ್ಲಿ ಪಕ್ಕದ ಹೊಲದವರ ಮೇಲೆ ಕುಡಗೋಲು ಬೀಸಿ ಗಾಯ ಮಾಡುತ್ತಾನೆ. ಭಾರತೀಯ ನ್ಯಾಯ ಸಂಹಿತೆಯ 118(1)ನೆಯ ಪ್ರಕರಣದ ಅಡಿಯಲ್ಲಿ, ಅಂದರೆ ಅಪಾಯಕಾರಿ ಆಯುಧದಿಂದ ಗಾಯಪಡಿಸಿದ ಆಪಾದನೆಯ ಮೇಲೆ, ಮೊಕದ್ದಮೆ ದಾಖಲಾಗುತ್ತದೆ. ಅದಕ್ಕೆ ಗರಿಷ್ಠ ಮೂರು ವರ್ಷಗಳ ಕಾರಾವಾಸವಿದೆ. ಯುವಕನನ್ನು ನ್ಯಾಯಾಂಗ ಬಂಧನದಲ್ಲಿ ವಿಜಯಪುರದ ಕೇಂದ್ರ ಕಾರಾಗೃಹಕ್ಕೆ, ಜನ ದರ್ಗಾ ಜೈಲು ಎಂದು ಕರೆಯುವಲ್ಲಿಗೆ, ಕಳುಹಿಸಲಾಗುತ್ತದೆ.

ಅಣ್ಣನು ಮಾಡುವ ಮೊದಲ ಕೆಲಸವೆಂದರೆ ಬಿಡುಗಡೆ ಕೋರಿ ಒಂದು ಅರ್ಜಿ ಬರೆಸಿ ಜಿಲ್ಲಾಡಳಿತದ ಕಚೇರಿಯಲ್ಲಿ ಕೊಟ್ಟು ಮೊಹರು ಹಾಕಿಸಿಕೊಳ್ಳುವುದು. ಆ ಮೊಹರಿನಿಂದ ಯಾವ ಪ್ರಯೋಜನವೂ ಇಲ್ಲ. ಇತ್ತ ನ್ಯಾಯಾಲಯದಲ್ಲಿ ತಮ್ಮನನ್ನು ನೀನು ಹೊಡೆದದ್ದು ನಿಜವೇ ಎಂದು ಕೇಳಿದರೆ, ಕೇಳಿದ್ದಕ್ಕೆಲ್ಲ "ಹೌದ್ರಿ" ಎನ್ನುವ ಸ್ಥಿತಿಯಲ್ಲಿ ಅವನಿರುತ್ತಾನೆ. ಸಣ್ಣ ಮೊಕದ್ದಮೆಗಳಲ್ಲಿ ಅಪಾಯವಿರುವುದು ಇಲ್ಲಿಯೇ. ಅಸ್ವಸ್ಥತೆಯ ಸಂಗತಿ ನ್ಯಾಯಾಧೀಶರ ಗಮನಕ್ಕೆ ಬಾರದಿದ್ದರೆ ಆ ಉತ್ತರವೇ ತಪ್ಪೊಪ್ಪಿಗೆಯಾಗಿ ದಾಖಲಾಗಬಹುದು.

ನ್ಯಾಯಾಲಯದ ಗಮನಕ್ಕೆ ತರುವ ಬಗೆ

ಆಪಾದಿತನು ಅಸ್ವಸ್ಥಚಿತ್ತನೆಂದು ನಂಬಲು ಕಾರಣವಿದ್ದಲ್ಲಿ ದಂಡಾಧಿಕಾರಿಯು ಆ ಸಂಗತಿಯನ್ನು ವಿಚಾರಿಸಲೇಬೇಕು. ಬಿಟ್ಟುಬಿಡುವ ವಿವೇಚನೆ ಅವರಿಗಿಲ್ಲ (ಪ್ರಕರಣ 367). ದಂಡಾಧಿಕಾರಿಯ ಅಥವಾ ಸತ್ರ ನ್ಯಾಯಾಲಯದ ಮುಂದೆ ವಿಚಾರಣೆ ಆರಂಭವಾದ ಮೇಲೆ ಇದು ಗಮನಕ್ಕೆ ಬಂದರೆ, ಮೊದಲು ಚಿತ್ತಸ್ಥಿತಿ ಹಾಗೂ ಸಾಮರ್ಥ್ಯದ ಪ್ರಶ್ನೆಯನ್ನೇ ವಿಚಾರಣೆ ಮಾಡಬೇಕು (ಪ್ರಕರಣ 368). ಆದರೆ ನಂಬಲು ಕಾರಣ ತಾನಾಗಿ ಒದಗುವುದಿಲ್ಲ. ಆಪಾದಿತನು ಮೌನವಾಗಿ ನಿಂತಿದ್ದರೆ ಅದು ಭಯವೋ, ಮೊಂಡುತನವೋ, ರೋಗವೋ ಎಂದು ಕಟಕಟೆಯ ಎದುರು ಕುಳಿತವರಿಗೆ ತಿಳಿಯದು. ತಿಳಿದಿರುವುದು ಮನೆಯವರಿಗೆ.

ಆದಕಾರಣ ವಕೀಲರ ಮೂಲಕ ಒಂದು ಸರಳ ಅರ್ಜಿಯನ್ನು, ಸಾಧ್ಯವಾದಲ್ಲಿ ಮೊದಲನೆಯ ಅಥವಾ ಎರಡನೆಯ ಹಾಜರಾತಿಯಲ್ಲಿಯೇ, ಸಲ್ಲಿಸತಕ್ಕದ್ದು. ಕಾಯಿಲೆ ಎಂದಿನಿಂದ ಇದೆ, ಎಲ್ಲಿ ತೋರಿಸಲಾಗಿದೆ, ಯಾವ ಔಷಧ, ಯಾವಾಗ ನಿಂತಿತು ಎಂಬ ವಿವರಗಳನ್ನು ಬರೆದು ಹಳೆಯ ಚೀಟಿಗಳ ನಕಲುಗಳನ್ನು ಲಗತ್ತಿಸಬೇಕು. ನಮ್ಮ ಭಾಗದಲ್ಲಿ ಮೊದಲು ದೇವರಿಗೆ ಹರಕೆ ಹೊತ್ತು, ದರ್ಗಾಕ್ಕೆ ನಡೆದುಕೊಂಡು, ಕೊನೆಗೆ ಆಸ್ಪತ್ರೆಗೆ ಹೋಗುವ ರೂಢಿಯಿದೆ. ಅದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ. ಆದರೆ ಹರಕೆಗೆ ಚೀಟಿ ಇರುವುದಿಲ್ಲ. ನ್ಯಾಯಾಲಯ ನೋಡುವುದು ಚೀಟಿಯನ್ನು. ಚೀಟಿ ಕಳೆದುಹೋಗಿದ್ದರೆ ಆಸ್ಪತ್ರೆಯ ನೋಂದಣಿ ಪುಸ್ತಕದಿಂದ ದೃಢೀಕರಣ ಪಡೆಯಲು ಪ್ರಯತ್ನಿಸಬಹುದು. ಅದೂ ಇಲ್ಲವಾದರೆ ನೆರೆಹೊರೆಯವರ ಪ್ರಮಾಣಪತ್ರಗಳನ್ನಾದರೂ ಸಲ್ಲಿಸಬಹುದು. ವೈದ್ಯಕೀಯ ಸಾಕ್ಷ್ಯದ ಜೊತೆಗೆ ಇತರ ಸಾಕ್ಷ್ಯವನ್ನೂ ಪರಿಗಣಿಸಬೇಕೆಂದು 368ನೆಯ ಪ್ರಕರಣದಲ್ಲಿಯೇ ಹೇಳಿದೆ.

ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದವರು ವಿಜಯಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೆಯ ಪ್ರಕರಣದ ಪ್ರಕಾರ ಬಂಧನದಲ್ಲಿರುವವರು ಹಾಗೂ ವಿಕಲಚೇತನರು ಆದಾಯದ ಮಿತಿಯಿಲ್ಲದೆ ಉಚಿತ ಸೇವೆಗೆ ಅರ್ಹರು. ಆದಾಯ ಪ್ರಮಾಣಪತ್ರಕ್ಕಾಗಿ ಕಾಯುತ್ತ ದಿನ ಕಳೆಯುವ ಅಗತ್ಯವಿಲ್ಲ.

ವೈದ್ಯಕೀಯ ಪರೀಕ್ಷೆ

ದಂಡಾಧಿಕಾರಿಯು ಆಪಾದಿತನನ್ನು ಜಿಲ್ಲಾ ಶಸ್ತ್ರಚಿಕಿತ್ಸಕರಿಂದ ಅಥವಾ ಸರ್ಕಾರ ಗೊತ್ತುಪಡಿಸಿದ ವೈದ್ಯಾಧಿಕಾರಿಯಿಂದ ಪರೀಕ್ಷೆ ಮಾಡಿಸುತ್ತಾರೆ ಹಾಗೂ ಅವರನ್ನು ಸಾಕ್ಷಿಯಾಗಿ ವಿಚಾರಿಸಿ ಹೇಳಿಕೆಯನ್ನು ಬರಹಕ್ಕಿಳಿಸುತ್ತಾರೆ. ಅಸ್ವಸ್ಥತೆ ಕಂಡುಬಂದಲ್ಲಿ ಸರ್ಕಾರಿ ಆಸ್ಪತ್ರೆಯ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯರಿಗೆ ಇಲ್ಲವೆ ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಒಪ್ಪಿಸಲಾಗುವುದು. ಅವರು ರೋಗದ ಸ್ವರೂಪ, ಮುಂದಿನ ಗತಿ ಹಾಗೂ ಇದು ಚಿತ್ತದ ಅಸ್ವಸ್ಥತೆಯೋ ಬೌದ್ಧಿಕ ವಿಕಲತೆಯೋ ಎಂಬುದನ್ನು ನ್ಯಾಯಾಲಯಕ್ಕೆ ತಿಳಿಸಬೇಕು. ಆ ಅಭಿಪ್ರಾಯ ಒಪ್ಪಿಗೆಯಾಗದಿದ್ದಲ್ಲಿ ಆಪಾದಿತನ ಪರವಾಗಿ ವೈದ್ಯಕೀಯ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಹತ್ತಿರದ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದ ಮುಖ್ಯಸ್ಥರು ಹಾಗೂ ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಮನೋರೋಗ ವಿಭಾಗದ ಒಬ್ಬ ಅಧ್ಯಾಪಕರು ಈ ಮಂಡಳಿಯಲ್ಲಿರುತ್ತಾರೆ.

ಉತ್ತರ ಕರ್ನಾಟಕದ ಜನರಿಗೆ ಈ ವಿಷಯದಲ್ಲಿ ಧಾರವಾಡದ ಹೆಸರು ಹಳೆಯದು. ವಿಜಯಪುರ ಜಿಲ್ಲೆಯು ಬೊಂಬಾಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿಯೇ ಅಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆ ಇತ್ತು. ಇಂದು ಅದು ಡಿಮ್ಹಾನ್ಸ್ ಎಂಬ ಹೆಸರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿದೆ. ಸಾರವಾಡದಿಂದ ಧಾರವಾಡಕ್ಕೆ ಹೋಗಿಬರುವುದೆಂದರೆ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಹೋದಂತೆ. ಒಳರೋಗಿಯಾಗಿ ಇರಿಸಬೇಕಾದ ಸ್ಥಿತಿ ಇಲ್ಲದಿದ್ದರೆ ಚಿಕಿತ್ಸೆಗಾಗಿ ಅಷ್ಟು ದೂರ ಹೋಗಬೇಕೆಂಬ ನಿಯಮವೇನೂ ಇಲ್ಲ. ಕಾನೂನು ಹೇಳುವುದು "ಹತ್ತಿರದ ವೈದ್ಯಕೀಯ ಸೌಲಭ್ಯ" ಎಂದು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲಿ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ರೋಗಿಗೆ ಔಷಧ ಜಿಲ್ಲೆಯಲ್ಲಿಯೇ ದೊರೆಯಬೇಕೆಂಬುದು ಅದರ ಉದ್ದೇಶ. ಜಾಮೀನಿನ ಷರತ್ತನ್ನು ಬಡ ಕುಟುಂಬವೊಂದು ಪಾಲಿಸಬಲ್ಲದೇ ಎಂಬುದು ಬಹುಮಟ್ಟಿಗೆ ಇದರ ಮೇಲೆ ನಿಂತಿದೆ.

ಅಸಮರ್ಥನೆಂದು ಕಂಡುಬಂದ ನಂತರ

ಆಗ ನ್ಯಾಯಾಲಯವು ಅಭಿಯೋಜನೆಯವರು ಹಾಜರುಪಡಿಸಿದ ಸಾಕ್ಷ್ಯದ ದಾಖಲೆಯನ್ನು ಪರಿಶೀಲಿಸಬೇಕು ಮತ್ತು ಆಪಾದಿತನ ವಕೀಲರ ವಾದವನ್ನು ಆಲಿಸಬೇಕು. ಆಪಾದಿತನನ್ನು ಮಾತ್ರ ಪ್ರಶ್ನಿಸಬಾರದು. ಮೇಲ್ನೋಟಕ್ಕೆ ಮೊಕದ್ದಮೆಯೇ ಇಲ್ಲವೆಂದು ಕಂಡುಬಂದಲ್ಲಿ ವಿಚಾರಣೆಯನ್ನು ಮುಂದೂಡುವ ಬದಲು ಆಪಾದಿತನನ್ನು ಆಪಾದನೆಯಿಂದ ಬಿಡುಗಡೆ ಮಾಡಬೇಕು. ಈ ಅಂಶವನ್ನು ಅನೇಕರು ಕೇಳಿಯೇ ಇರುವುದಿಲ್ಲ. ಅಸ್ವಸ್ಥನೆಂಬ ಕಾರಣಕ್ಕೆ ಸುಳ್ಳು ಅಥವಾ ಸಾಕ್ಷ್ಯವಿಲ್ಲದ ಮೊಕದ್ದಮೆಯೊಂದು ವರ್ಷಗಟ್ಟಲೆ ತೂಗಾಡಬಾರದೆಂಬುದು ಇದರ ಆಶಯ. ವಕೀಲರು ಈ ಪರಿಶೀಲನೆಯನ್ನು ಕೋರಬೇಕು.

ಮೊಕದ್ದಮೆ ಇದೆಯೆಂದು ಕಂಡರೆ, ಚಿಕಿತ್ಸೆಗೆ ಎಷ್ಟು ಕಾಲ ಬೇಕೆಂದು ಮನೋವೈದ್ಯರು ಅಭಿಪ್ರಾಯಪಡುತ್ತಾರೋ ಅಷ್ಟು ಅವಧಿಗೆ ವಿಚಾರಣೆಯನ್ನು ಮುಂದೂಡಲಾಗುವುದು. ಅನಿರ್ದಿಷ್ಟವಾಗಿ ಅಲ್ಲ ಎಂಬುದನ್ನು ಗಮನಿಸಿ. ಅಸಮರ್ಥತೆಗೆ ಕಾರಣ ರೋಗವಾಗಿರದೆ ಬೌದ್ಧಿಕ ವಿಕಲತೆ (ಹಳೆಯ ಕಾನೂನಿನ ಮಾತಿನಲ್ಲಿ ಬುದ್ಧಿಮಾಂದ್ಯ) ಆಗಿದ್ದರೆ, ಅದು ಔಷಧದಿಂದ ಗುಣವಾಗುವಂಥದ್ದಲ್ಲವಾದ್ದರಿಂದ, ವಿಚಾರಣೆಯನ್ನು ನಡೆಸತಕ್ಕದ್ದಲ್ಲ. 369ನೆಯ ಪ್ರಕರಣದಂತೆ ಆದೇಶ ಮಾಡತಕ್ಕದ್ದು.

ಜಾಮೀನು ಮತ್ತು ಮುಚ್ಚಳಿಕೆ

ಅರ್ಜಿದಾರರು 369ನೆಯ ಪ್ರಕರಣವನ್ನು ಮುಖ್ಯವಾಗಿ ತಿಳಿದಿರಬೇಕು. ಅಪರಾಧವು ಜಾಮೀನಿಗೆ ಅರ್ಹವಾದುದಾಗಿರಲಿ, ಅಲ್ಲದಿರಲಿ, ಎರಡು ಸಂಗತಿಗಳು ಕೂಡಿಬಂದಲ್ಲಿ ನ್ಯಾಯಾಲಯವು ಜಾಮೀನಿನ ಮೇಲೆ ಬಿಡುಗಡೆಗೆ ಆದೇಶಿಸಬೇಕು. ರೋಗವು ಒಳರೋಗಿಯಾಗಿ ಚಿಕಿತ್ಸೆ ಪಡೆಯಲೇಬೇಕಾದಷ್ಟು ತೀವ್ರವಾಗಿರಬಾರದು; ಮತ್ತು ಸಂಬಂಧಿಕರೊಬ್ಬರು ಅಥವಾ ಸ್ನೇಹಿತರೊಬ್ಬರು ಹತ್ತಿರದ ಸೌಲಭ್ಯದಲ್ಲಿ ಕ್ರಮವಾಗಿ ಹೊರರೋಗಿ ಚಿಕಿತ್ಸೆ ಕೊಡಿಸುವುದಾಗಿಯೂ, ಅವನು ತನಗೆ ಅಥವಾ ಇತರರಿಗೆ ಹಾನಿ ಮಾಡದಂತೆ ತಡೆಯುವುದಾಗಿಯೂ ಬರೆದುಕೊಡಬೇಕು. ಮುಚ್ಚಳಿಕೆಗೆ ಗೊತ್ತಾದ ನಮೂನೆಯೇನೂ ಇಲ್ಲ. ಅಣ್ಣನು ಕೊಡುವುದಾದರೆ ಸುಮಾರು ಈ ರೀತಿ ಇರಬಹುದು:

"ಸದರಿ ಪ್ರಕರಣದ ಆಪಾದಿತನು ನನ್ನ ಸ್ವಂತ ತಮ್ಮನಾಗಿರುತ್ತಾನೆ. ಅವನನ್ನು ನನ್ನ ಆರೈಕೆಗೆ ಒಪ್ಪಿಸಿದಲ್ಲಿ, ವಿಜಯಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸೂಚಿಸಿದ ದಿನಗಳಂದು ತಪ್ಪದೆ ಹಾಜರುಪಡಿಸಿ ಹೊರರೋಗಿಯಾಗಿ ಚಿಕಿತ್ಸೆ ಕೊಡಿಸುತ್ತೇನೆ. ಔಷಧವನ್ನು ನನ್ನ ಮೇಲ್ವಿಚಾರಣೆಯಲ್ಲಿ ಕೊಡುತ್ತೇನೆ. ಅವನು ತನಗಾಗಲೀ ಇತರರಿಗಾಗಲೀ ಹಾನಿ ಮಾಡದಂತೆ ನೋಡಿಕೊಳ್ಳುತ್ತೇನೆ. ಚಿಕಿತ್ಸೆಯ ಚೀಟಿಗಳನ್ನು ಪ್ರತಿ ಹಾಜರಾತಿಯಲ್ಲಿ ಮಾನ್ಯ ನ್ಯಾಯಾಲಯಕ್ಕೆ ಸಲ್ಲಿಸುತ್ತೇನೆ."

ಕೊನೆಯ ವಾಕ್ಯವನ್ನು ಕಾನೂನು ಕೇಳುವುದಿಲ್ಲ. ಆದರೂ ಅದನ್ನು ಸೇರಿಸುವುದು ಒಳ್ಳೆಯದೆಂದು ಈ ಶಾಖೆಯ ಅಭಿಪ್ರಾಯ. ಪಾಲಿಸಲಾಗದ ಮಾತನ್ನು ಮಾತ್ರ ಬರೆದುಕೊಡಬಾರದು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೋ ಕೂಲಿಗಾಗಿ ಗೋವಾಕ್ಕೋ ವರ್ಷದ ಆರು ತಿಂಗಳು ಹೋಗುವ ಅಣ್ಣನು ಮುಚ್ಚಳಿಕೆ ಕೊಟ್ಟು, ಮನೆಯಲ್ಲಿ ವಯಸ್ಸಾದ ಅವ್ವ ಒಬ್ಬಳೇ ಉಳಿದರೆ, ಗುಳಿಗೆ ನಿಲ್ಲುತ್ತದೆ, ಹಾಜರಾತಿ ತಪ್ಪುತ್ತದೆ, ಜಾಮೀನು ರದ್ದಾಗುತ್ತದೆ. ಊರಿನಲ್ಲಿಯೇ ಇರುವ ಕಾಕಾ ಅಥವಾ ಸ್ನೇಹಿತರು ಮುಚ್ಚಳಿಕೆ ಕೊಡುವುದಕ್ಕೆ ಕಾನೂನಿನಲ್ಲಿ ಅಡ್ಡಿಯಿಲ್ಲ. ಗಾಯಗೊಂಡ ನೆರೆಯವರು ಅದೇ ಓಣಿಯಲ್ಲಿದ್ದರೆ ಆಪಾದಿತನನ್ನು ಕೆಲಕಾಲ ಬೇರೆ ಊರಿನ ಬಂಧುಗಳ ಮನೆಯಲ್ಲಿ ಇರಿಸುವ ಪ್ರಸ್ತಾಪವನ್ನು ಮುಂದಿಡುವುದು ಉಭಯ ಪಕ್ಷಗಳಿಗೂ ಕ್ಷೇಮ. ಅವರ ಭಯವೂ ನಿಜವಾದುದೇ. ಮೊಕದ್ದಮೆ ನಿಂತಿದೆಯೇ ಹೊರತು ಮುಗಿದಿಲ್ಲವೆಂಬುದನ್ನು ಅವರಿಗೆ ತಿಳಿಸಿಹೇಳಬೇಕು.

ಜಾಮೀನು ಕೊಡಲಾಗದಿದ್ದರೆ ಅಥವಾ ಮುಚ್ಚಳಿಕೆ ಕೊಡುವವರೇ ಇಲ್ಲದಿದ್ದರೆ, ಕ್ರಮಬದ್ಧ ಮನೋವೈದ್ಯಕೀಯ ಚಿಕಿತ್ಸೆ ದೊರೆಯುವ ಸ್ಥಳದಲ್ಲಿ ಆಪಾದಿತನನ್ನು ಇರಿಸುವಂತೆ ನ್ಯಾಯಾಲಯ ಆದೇಶಿಸಿ, ರಾಜ್ಯ ಸರ್ಕಾರಕ್ಕೆ ವರದಿ ಮಾಡಬೇಕು. ದಿನಾಂಕ 31-12-2009ರಂದು ತಿದ್ದುಪಡಿ ಜಾರಿಗೆ ಬರುವವರೆಗೆ ಹಳೆಯ ಸಂಹಿತೆಯಲ್ಲಿ ಈ ಜಾಗದಲ್ಲಿ "ಸುರಕ್ಷಿತ ಅಭಿರಕ್ಷೆ" ಎಂಬ ಮಾತು ಮಾತ್ರ ಇತ್ತು. ಸುರಕ್ಷಿತ ಅಭಿರಕ್ಷೆ ಎಂದರೆ ಬಹಳ ಸಲ ಜೈಲಿನ ಕೋಣೆಯೇ ಆಗುತ್ತಿತ್ತು. ಈಗ ಚಿಕಿತ್ಸೆಯಿಲ್ಲದ ಸ್ಥಳ ಈ ಆದೇಶಕ್ಕೆ ಹೊಂದುವುದಿಲ್ಲ. ಸಾರ್ವಜನಿಕ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಇರಿಸುವುದಾದರೆ 2017ರ ಅಧಿನಿಯಮದ ನಿಯಮಗಳಿಗೆ ಅನುಸಾರವಾಗಿಯೇ ಇರಿಸಬೇಕು. ಕೃತ್ಯದ ಸ್ವರೂಪ ಹಾಗೂ ರೋಗದ ಪ್ರಮಾಣವನ್ನು ನೋಡಿಕೊಂಡು, ಆರೈಕೆ ಮತ್ತು ತರಬೇತಿ ದೊರೆಯುವ ವಸತಿ ಕೇಂದ್ರಕ್ಕೆ ವರ್ಗಾಯಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ.

ಮರೆತುಹೋಗುವ ಅಪಾಯ

ವಿಚಾರಣೆ ನಿಂತ ಮೊಕದ್ದಮೆಗೆ ಒಂದು ವಿಚಿತ್ರ ಗತಿಯಿದೆ. ನಡೆಯುತ್ತಿರುವ ಮೊಕದ್ದಮೆಯನ್ನು ಸಾಕ್ಷಿಗಳು, ವಕೀಲರು, ಫಿರ್ಯಾದಿದಾರರು ಎಳೆಯುತ್ತಿರುತ್ತಾರೆ. ನಿಂತದ್ದನ್ನು ಎಳೆಯುವವರು ಯಾರೂ ಇರುವುದಿಲ್ಲ.

ಅಸ್ಸಾಂನ ಮಚಾಂಗ್ ಲಾಲುಂಗ್ ಎಂಬುವರನ್ನು 1951ರಲ್ಲಿ ತೀವ್ರ ಗಾಯಪಡಿಸಿದ ಆಪಾದನೆಯ ಮೇಲೆ ಬಂಧಿಸಿ ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಲಾಯಿತು. 1967ರಲ್ಲಿ ಅವರು ಗುಣಮುಖರಾಗಿದ್ದಾರೆಂದು ಆಸ್ಪತ್ರೆ ತಿಳಿಸಿತು. ಅವರನ್ನು ನ್ಯಾಯಾಲಯಕ್ಕೆ ಕರೆತರುವ ಬದಲು ಗುವಾಹಟಿಯ ಕಾರಾಗೃಹಕ್ಕೆ ಸೇರಿಸಲಾಯಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಗಮನಕ್ಕೆ ಬಂದು, 2005ರ ಜುಲೈಯಲ್ಲಿ ಒಂದು ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವರು ಹೊರಬಂದಾಗ ಬಂಧನವಾಗಿ 54 ವರ್ಷಗಳಾಗಿದ್ದವು. ವಿಚಾರಣೆ ನಡೆದಿರಲೇ ಇಲ್ಲ. ಸರ್ವೋಚ್ಚ ನ್ಯಾಯಾಲಯವು ಅವರಿಗೆ 3 ಲಕ್ಷ ರೂಪಾಯಿ ಪರಿಹಾರ ಮತ್ತು ತಿಂಗಳಿಗೆ 1,000 ರೂಪಾಯಿ ಕೊಡುವಂತೆ ಅಸ್ಸಾಂ ಸರ್ಕಾರಕ್ಕೆ ಆದೇಶಿಸಿತು. 2007ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಇದು ಒಂಟಿ ಪ್ರಕರಣವೇನಲ್ಲ: ಬಿಹಾರದ ಹಜಾರಿಬಾಗ್ ಕಾರಾಗೃಹದಲ್ಲಿ ಚಿತ್ತಸ್ವಾಸ್ಥ್ಯ ಮರಳಿದ ಮೇಲೂ ದಶಕಗಳ ಕಾಲ ಉಳಿದಿದ್ದ ಕೈದಿಗಳ ಬಿಡುಗಡೆಗೆ 1982ರಲ್ಲಿಯೇ, ವೀಣಾ ಸೇಠಿ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯ ಆದೇಶಿಸಿತ್ತು.

ಲಾಲುಂಗ್ ಅವರ ವಿಷಯದಲ್ಲಿ 1967ರ ಆ ಒಂದು ಪತ್ರ ಸರಿಯಾದ ಮೇಜಿಗೆ ತಲುಪಿದ್ದರೆ 38 ವರ್ಷಗಳು ಉಳಿಯುತ್ತಿದ್ದವು. ಕಡತ ನೋಡುವ ಕೆಲಸದಲ್ಲಿರುವ ಯಾರಿಗೇ ಆಗಲಿ ಈ ಲೆಕ್ಕ ಓದಿದರೆ ನಿದ್ದೆ ಬಾರದು.

ಕಾರಾಗೃಹಗಳಲ್ಲಿ ಇಂತಹವರು ವಿರಳವೆಂದು ಭಾವಿಸಬಾರದು. ನಿಮ್ಹಾನ್ಸ್ ಹಾಗೂ ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರವು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷಿಸಿದ 5,024 ಬಂದಿಗಳ ಪೈಕಿ, ಮಾದಕ ವಸ್ತುಗಳ ಬಳಕೆಯನ್ನು ಹೊರತುಪಡಿಸಿಯೂ, 1,389 ಮಂದಿಯಲ್ಲಿ ಒಂದಿಲ್ಲೊಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಇವರೆಲ್ಲರೂ ವಿಚಾರಣೆಗೆ ಅಸಮರ್ಥರೆಂದು ಅರ್ಥವಲ್ಲ. ಆದರೆ ಅಸಮರ್ಥನಾದ ಒಬ್ಬನು ಅವರ ನಡುವೆ ಯಾರ ಕಣ್ಣಿಗೂ ಬೀಳದೆ ಇರಬಲ್ಲನು.

ಹೀಗಾಗದಂತೆ ಕಾನೂನಿನಲ್ಲಿ ಮೂರು ಹಿಡಿಕೆಗಳಿವೆ. ಮೊದಲನೆಯದಾಗಿ, ಚಿತ್ತ ಸ್ವಸ್ಥವಾದ ನಂತರ ಯಾವಾಗ ಬೇಕಾದರೂ ವಿಚಾರಣೆಯನ್ನು ಪುನರಾರಂಭಿಸಬಹುದು (ಪ್ರಕರಣ 370). ಮತ್ತೆ ಅಸಮರ್ಥನೆಂದು ಕಂಡರೆ ಮತ್ತೆ ಅದೇ ಕ್ರಮ (ಪ್ರಕರಣ 371). ಮನೆಯವರು ಆರು ತಿಂಗಳಿಗೊಮ್ಮೆಯಾದರೂ ಹೊಸ ವೈದ್ಯಕೀಯ ವರದಿ ತರಿಸುವಂತೆ ನ್ಯಾಯಾಲಯವನ್ನು ಕೋರುವುದು ಸೂಕ್ತ. ಇದು ಕಾನೂನಿನ ಅವಧಿಯಲ್ಲ, ಶಾಖೆಯ ಸಲಹೆ. ಎರಡನೆಯದು, ಕಾರಾಗೃಹದಲ್ಲಿದ್ದರೆ ಕಾರಾಗೃಹಗಳ ಮಹಾನಿರೀಕ್ಷಕರು, ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯವರು, ಆಪಾದಿತನು ಪ್ರತಿವಾದಕ್ಕೆ ಸಮರ್ಥನೆಂದು ಪ್ರಮಾಣೀಕರಿಸಿದಲ್ಲಿ ಅವನನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕು (ಪ್ರಕರಣ 376).

ಮೂರನೆಯದು 479ನೆಯ ಪ್ರಕರಣ. ಅಪರಾಧಕ್ಕೆ ವಿಧಿಸಬಹುದಾದ ಗರಿಷ್ಠ ಕಾರಾವಾಸದ ಅರ್ಧ ಅವಧಿಯನ್ನು ವಿಚಾರಣಾಧೀನನಾಗಿಯೇ ಕಳೆದವರು ಜಾಮೀನಿಗೆ ಅರ್ಹರು. ಹಿಂದೆ ಯಾವ ಅಪರಾಧದಲ್ಲಿಯೂ ಶಿಕ್ಷೆಯಾಗಿಲ್ಲದವರಿಗೆ ಮೂರನೆಯ ಒಂದು ಭಾಗ ಸಾಕು. ಮೇಲಿನ ಉದಾಹರಣೆಯ ಯುವಕನಿಗೆ ಗರಿಷ್ಠ ಶಿಕ್ಷೆ ಮೂರು ವರ್ಷವಾದ್ದರಿಂದ ಅರ್ಧ ಎಂದರೆ 18 ತಿಂಗಳು, ಮೊದಲ ಬಾರಿಯವನಾದ್ದರಿಂದ 12 ತಿಂಗಳು. ಅವಧಿ ಮುಗಿದಾಗ ಕಾರಾಗೃಹದ ಅಧೀಕ್ಷಕರೇ ನ್ಯಾಯಾಲಯಕ್ಕೆ ಲಿಖಿತವಾಗಿ ತಿಳಿಸಬೇಕು. ಆದರೂ ಮನೆಯವರು ಬಂಧನದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಲೇಸು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳಿಗೆ ಈ ಪ್ರಕರಣ ಅನ್ವಯಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಮೊಕದ್ದಮೆಗಳು ಬಾಕಿಯಿದ್ದರೂ ಅನ್ವಯಿಸುವುದಿಲ್ಲ.

ಸರ್ಕಾರಕ್ಕೆ ಅರ್ಜಿ ಸಲ್ಲಿಸಬಹುದಾದ ಸಂದರ್ಭ

ಎರಡು ಸಂದರ್ಭಗಳಲ್ಲಿ ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ. ನ್ಯಾಯಾಲಯದ ಆದೇಶದಂತೆ ಇರಿಸಲ್ಪಟ್ಟ ವ್ಯಕ್ತಿಯನ್ನು ಬಿಟ್ಟರೆ ತನಗಾಗಲೀ ಇತರರಿಗಾಗಲೀ ಅಪಾಯವಿಲ್ಲವೆಂದು ಮೇಲೆ ಹೇಳಿದವರು ಪ್ರಮಾಣೀಕರಿಸಿದಲ್ಲಿ ಸರ್ಕಾರವು ಬಿಡುಗಡೆಗೆ ಆದೇಶಿಸಬಹುದು, ಮುಂದೆಯೂ ಇರಿಸಬಹುದು, ಅಥವಾ ಮಾನಸಿಕ ಆರೋಗ್ಯ ಸಂಸ್ಥೆಗೆ ವರ್ಗಾಯಿಸಬಹುದು (ಪ್ರಕರಣ 377). ಎರಡನೆಯದಾಗಿ, ಹೀಗೆ ಇರಿಸಲ್ಪಟ್ಟವನನ್ನು ತಮ್ಮ ಆರೈಕೆಗೆ ಒಪ್ಪಿಸುವಂತೆ ಸಂಬಂಧಿಕರು ಅಥವಾ ಸ್ನೇಹಿತರು ಅರ್ಜಿ ಸಲ್ಲಿಸಿ ಭದ್ರತೆ ಒದಗಿಸಿದಲ್ಲಿ ಸರ್ಕಾರವು ಒಪ್ಪಿಸಬಹುದು (ಪ್ರಕರಣ 378). ಸರಿಯಾಗಿ ನೋಡಿಕೊಳ್ಳುವುದು, ಹಾನಿಯಾಗದಂತೆ ತಡೆಯುವುದು, ಗೊತ್ತುಪಡಿಸಿದ ಅಧಿಕಾರಿಯ ಮುಂದೆ ತಪಾಸಣೆಗೆ ಹಾಜರುಪಡಿಸುವುದು, ಹಾಗೂ ವಿಚಾರಣೆ ಬಾಕಿಯಿರುವವನಾದರೆ ಕರೆದಾಗ ನ್ಯಾಯಾಲಯಕ್ಕೆ ಒಪ್ಪಿಸುವುದು ಇದರ ಷರತ್ತುಗಳು.

ಅಂದರೆ ನ್ಯಾಯಾಲಯದಿಂದ 369(2)ರ ಅಡಿಯಲ್ಲಿ, ಅಥವಾ ಅಸ್ವಸ್ಥತೆಯ ಆಧಾರದ ಮೇಲೆ ಖುಲಾಸೆಯಾದ ನಂತರ 374ರ ಅಡಿಯಲ್ಲಿ, ಇರಿಸುವ ಆದೇಶ ಆಗಿರದ ಹೊರತು ಸರ್ಕಾರಕ್ಕೆ ಅರ್ಜಿ ಕೊಟ್ಟು ಫಲವಿಲ್ಲ. ಅರ್ಜಿಯೊಂದಿಗೆ ಸದರಿ ಆದೇಶದ ದೃಢೀಕೃತ ನಕಲು, ಇತ್ತೀಚಿನ ಮನೋವೈದ್ಯಕೀಯ ವರದಿ, ಅರ್ಜಿದಾರರ ಸಂಬಂಧ ಹಾಗೂ ವಾಸಸ್ಥಳದ ದಾಖಲೆ, ಮತ್ತು ಯಾವ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಂದುವರಿಸಲಾಗುವುದೆಂಬ ವಿವರ ಇದ್ದರೆ ಕಡತವು ಆಕ್ಷೇಪಣೆಗಾಗಿ ಹಿಂದಿರುಗುವ ಸಂಭವ ಕಡಿಮೆ. ಮೊಕದ್ದಮೆಯ ಸಂಖ್ಯೆ ಮತ್ತು ನ್ಯಾಯಾಲಯದ ಹೆಸರನ್ನು ಮೊದಲ ಸಾಲಿನಲ್ಲಿಯೇ ಬರೆಯಿರಿ. ನಾಲ್ಕು ಪುಟ ಕಷ್ಟ ಬರೆದು ಮೊಕದ್ದಮೆಯ ಸಂಖ್ಯೆ ಬರೆಯದಿರುವ ಅರ್ಜಿಗಳೇ ಹೆಚ್ಚು.

ವಿಜಯಪುರ ಜಿಲ್ಲೆಯ ನ್ಯಾಯಾಲಯಗಳ ಆದೇಶದಿಂದ ಬಾಧಿತರಾದವರು ಉಚ್ಚ ನ್ಯಾಯಾಲಯದ ಕಲಬುರಗಿ ಪೀಠವನ್ನು ಸಮೀಪಿಸಬೇಕಾಗುತ್ತದೆ. ಬಂಧುವು ಸೋಲಾಪುರದಲ್ಲೋ ಪಣಜಿಯಲ್ಲೋ ಬಂಧಿತನಾಗಿದ್ದರೂ ಇದೇ ಸಂಹಿತೆ ಅನ್ವಯಿಸುತ್ತದೆ. ಅರ್ಜಿಯನ್ನು ಮಾತ್ರ ಅಲ್ಲಿನ ನ್ಯಾಯಾಲಯಕ್ಕೇ ಸಲ್ಲಿಸಬೇಕು. ಉಚಿತ ಕಾನೂನು ನೆರವಿಗೆ ದೂರವಾಣಿ 15100. ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮಾನಸ್ ಸೇವೆಯ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಈ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದ್ದು, ಅಧಿನಿಯಮದ ಮೂಲ ಪಾಠವೇ ಅಧಿಕೃತವಾಗಿರುತ್ತದೆ.